ಬಾಗಿಲು ಕಳೆದುಹೋದ ಮನೆ

ಅಮ್ಮ ಗೋಡೆಗೆ ಮುಖ ಮಾಡಿ ನಿಂತು, ಪಕ್ಕದ ಮನೆಯವರ ಬಾಗಿಲು ತಟ್ಟುವ ಹಾಗೆ ಗೋಡೆಯನ್ನು ತಟ್ಟುತ್ತಿದ್ದಳು.

"ಯಾರಾದ್ರೂ ತೆಗೀರಪ್ಪಾ! ಇಲ್ಲಿದ್ದ ಬಾಗಿಲು ಎಲ್ಲಿಗೆ ಹೋಯ್ತು?"

ಟೀ ಲೋಟ ಹಿಡಿದು ಒಳಗೆ ಬಂದ ಮಗ ನಿಂತಲ್ಲೇ ಕಲ್ಲಾದ. ಅವನು ಈಗಷ್ಟೇ ತೆರೆದುಕೊಂಡು ಬಂದ ಬಾಗಿಲು ಅಮ್ಮನ ಬಲಗೈಯಿಂದ ಒಂದು ಮಾರು ದೂರದಲ್ಲಿತ್ತು. ಅದನ್ನು ಬಿಟ್ಟು ಅವಳು ಗೋಡೆಯನ್ನು ಬೇಡಿಕೊಳ್ಳುತ್ತಿದ್ದಳು.

"ಅಮ್ಮಾ... ಬಾಗಿಲು ಇಲ್ಲೇ ಇದೆಯಲ್ಲಮ್ಮ."

"ಇಲ್ಲೇ ಅಂದ್ರೆ ಎಲ್ಲಿ? ನನ್ನನ್ನೇನು ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದಿದೀರಾ?"

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಅಮ್ಮನ ಹೆಗಲು ಹಿಡಿದು ಮಂಚದ ಮೇಲೆ ಕೂರಿಸಿದ. ಟೀ ಕೈಗೆ ಕೊಟ್ಟ. ಹೊರಗೆ ಬಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ, "ಅಮ್ಮನಿಗೆ ಏನೋ ಆಗ್ತಿದೆ ಕಣೇ."

"ನಿಮಗೆ ಇವತ್ತು ಗೊತ್ತಾಯ್ತಾ?" ಎಂದಳು ಹೆಂಡತಿ.

ಬಣ್ಣ ಹೊಡೆಯುವುದು ಅವನ ಕಸುಬು. ಹೊಡೆದ ಗೋಡೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಒಂದು ಊರೇ ಆದೀತು. ಆದರೆ ಮೊನ್ನೆ ಮೊನ್ನೆಯವರೆಗೂ ಅವನ ಸ್ವಂತ ಮನೆಯ ಗೋಡೆಗಳು ಯಾವುದೋ ಕಾಲದ ಹಸಿರಿನಲ್ಲಿ, ಎಣ್ಣೆ ಜಿಡ್ಡು ಹಿಡಿದ ಕಂದು ಬಾಗಿಲುಗಳ ಜೊತೆ ಹಾಗೇ ಇದ್ದವು. ಹೆಂಡತಿ ಹಂಗಿಸಿ ಹಂಗಿಸಿ ಸುಸ್ತಾಗಿ, ಹಂಗಿಸುವ ಕೆಲಸವನ್ನು ಮಗಳಿಗೆ ವಹಿಸಿಕೊಟ್ಟಿದ್ದಳು. ಮಗಳು ಕಾಲೇಜಿನವಳು, ಅವಳ ನಾಲಿಗೆಗೆ ಬ್ರೇಕೇ ಇಲ್ಲ.

"ಅಪ್ಪಾ, ನನ್ನ ಫ್ರೆಂಡ್ಸ್ ಬಂದ್ರೆ ನೀನು ಪೇಂಟರ್ ಅಂತ ಹೇಳಲ್ಲ. ಬ್ಯಾಂಕಲ್ಲಿದಾನೆ ಅಂತೀನಿ."

ಕೊನೆಗೆ ಅವನಿಗೂ ಕಾಲ ಕೂಡಿ ಬಂತು. ದೊಡ್ಡ ಹೋಟೆಲೊಂದರ ಕೆಲಸ ಮುಗಿದು, ಒಂದಷ್ಟು ಬಿಳಿ ಬಣ್ಣದ ಡಬ್ಬಗಳು ಉಳಿದವು. ಬೇಕಾದರೆ ತಗೊಂಡು ಹೋಗು ಎಂದರು. ಆ ಹೋಟೆಲಿನಲ್ಲಿ ಅವನು ಹೊಸ ನಮೂನೆಯೊಂದನ್ನು ಕಲಿತಿದ್ದ. ಗೋಡೆ, ಬಾಗಿಲು, ಚೌಕಟ್ಟು, ಸ್ವಿಚ್ಚು ಎಲ್ಲವೂ ಒಂದೇ ಬಿಳಿ. ಬಾಗಿಲಿಗೆ ಹಿಡಿ ಇಲ್ಲ, ಚಿಲಕ ಇಲ್ಲ, ಒಳಗಿನಿಂದ ಅಂಗೈಯಿಟ್ಟು ತಳ್ಳಿದರೆ, ಹೊರಗಿನಿಂದ ಅಂಚು ಹಿಡಿದು ಎಳೆದರೆ ತೆರೆದುಕೊಳ್ಳುತ್ತದೆ. ಅಲ್ಲಿನ ಮೇಸ್ತ್ರಿ ಮಾತ್ರ ಸದಾ ಕಿರಿಕಿರಿ. "ಇಲ್ಲಿ ಬಳಿಯದೆ ಬಿಟ್ಟಿದೀರ, ಅಲ್ಲಿ ಬಿಟ್ಟಿದೀರ" ಎಂದು ಬೆರಳು ತೋರಿಸುವವನು. "ಮೊದಲು ಒಂದು ನೆಟ್ಟಗಿನ ಲೈಟ್ ಹಾಕ್ಸಿ, ಆಮೇಲೆ ಮಾತಾಡಿ" ಎಂದು ಇವನೂ ಬಾಯಿ ಮಾಡಿ ಬಂದಿದ್ದ.

ಮನೆಗೆ ಬಂದವನೇ ಪ್ಯಾಂಟು ಮಡಚಿ ನಿಂತ. ಹಸಿರನ್ನು ಉಜ್ಜಿ, ಬಣ್ಣದ ಅಡಿಗೆ ಪುಟ್ಟಿ ಬಳಿದು, ಮೂಲೆ ಮೂಲೆಗೂ ಬಿಳಿ ಹೊಡೆದ. ಹಳೇ ಬಾಗಿಲ ಹಿಡಿಗಳನ್ನು ಕಿತ್ತೆಸೆದ. ಅಮ್ಮನ ಕೋಣೆಯಲ್ಲಿ ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದು, ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಅಲ್ಲೇ ಬಿಟ್ಟ. ಹೆಂಡತಿಗೂ ಹುಮ್ಮಸ್ಸು ಬಂತು. ಬಿಳಿ ತಟ್ಟೆ, ಬಿಳಿ ಕಪ್, ಬಿಳಿ ಕುರ್ಚಿ ತಂದಳು.

"ನೋಡ್ರೇ," ಎಂದು ಅವನು ಮನೆಯ ಹಾಲ್‌ನ ನಡುವೆ ನಿಂತು ತೋಳು ಚಾಚಿದ್ದ. "ಬಾಗಿಲು ಎಲ್ಲಿದೆ ಹೇಳಿ, ನೋಡೋಣ! ಗೊತ್ತಾಗಲ್ಲ ಅಲ್ವಾ? ಗೊತ್ತಾಗಬಾರದು! ಅದೇ ಕೆಲಸಗಾರಿಕೆ!"

ಅಮ್ಮ ಅದೇ ಹಾಲ್‌ನಲ್ಲಿ, ಗೋಡೆ ಹಿಡಿದು ನಿಂತಿದ್ದಳು.

ಅಲ್ಲಿಂದಲೇ ಶುರುವಾಯಿತು. ಊಟಕ್ಕೆ ಕೂತರೆ ಅಮ್ಮ ಪಲ್ಯದ ಕ್ಯಾರೆಟ್ ಆರಿಸಿ ತಿಂದು, ಕೈ ತೊಳೆಯಲು ಏಳುವಳು.

"ಅತ್ತೆ, ಅನ್ನ?"

"ನೀನು ಹಾಕಿದ್ರೆ ತಾನೆ ತಿನ್ನೋದು!"

ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿ ಕೂತಿತ್ತು. ಹೆಂಡತಿ ಆ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು. ಇನ್ನೊಂದು ದಿನ ಅಮ್ಮ ಕಪ್‌ನ ಪಕ್ಕಕ್ಕೆ ಹಾಲು ಸುರಿದಳು, ಮೇಜಿನಿಂದ ಮಡಿಲಿಗೆ ಹರಿದ ಮೇಲೆಯೇ ಅವಳಿಗೆ ತಿಳಿದದ್ದು. ಮೊಮ್ಮಗಳು ಎದುರಿಗೆ ಬಂದು ನಿಂತರೆ "ಯಾರಮ್ಮಾ ನೀನು? ಯಾರು ಬೇಕಿತ್ತು?" ಎಂದು ಕೇಳಿದಳು.

"ಅಜ್ಜೀ! ನಾನು!"

"ಅಯ್ಯೋ ಕತ್ತೆ, ನೀನಾ? ಬಾಯಿ ಬಿಡಬಾರದಾ!"

ಮಗಳು ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು.

ದೂರದ ಊರಿನಲ್ಲಿದ್ದ ಅವನ ಅಕ್ಕ ಮಾತ್ರ ಇದೊಂದನ್ನೂ ನಂಬಲಿಲ್ಲ. ಅವಳು ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುವವಳು.

"ನಿನ್ನೆ ನನ್ನ ಜೊತೆ ಅರ್ಧ ಗಂಟೆ ಮಾತಾಡಿದಾಳೆ ಕಣೋ. ನಮ್ಮ ಹಳೇ ಆಫೀಸ್ ನಂಬರು, ನಿನ್ನ ಮಾವನ ಮನೆ ನಂಬರು, ಎಲ್ಲ ಪಟಪಟ ಅಂತ ಹೇಳಿದ್ಲು. ತಲೆ ಕೆಟ್ಟೋರು ಹೀಗಿರ್ತಾರಾ?"

"ಫೋನಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ ಅಕ್ಕ. ನೀನೂ ಫೋನಲ್ಲಿ ಒಳ್ಳೆಯವಳೇ."

"ಏನಂದೆ?"

"ಬಂದು ಕಣ್ಣಾರೆ ನೋಡು ಅಂದೆ."

"ಅವಳನ್ನ ಎಲ್ಲಾದ್ರೂ ಸಾಗಹಾಕೋ ಯೋಚನೆ ಇದ್ರೆ ನೇರವಾಗಿ ಹೇಳು, ಸುತ್ತಿ ಬಳಸಬೇಡ," ಎಂದು ಅಕ್ಕ ಫೋನ್ ಕುಕ್ಕಿದಳು.

ನಂಬರುಗಳ ವಿಷಯದಲ್ಲಿ ಅಮ್ಮ ಅಂಥವಳೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಳಾದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿಗೆ ತಂತಿ ಚುಚ್ಚಿ ತೆಗೆದು, ಒಂದು "ಹಲೋ"ದಲ್ಲೇ ಇಂಥವರೆಂದು ಗುರುತು ಹಿಡಿಯುತ್ತಿದ್ದವಳು. ವರಾಂಡದಲ್ಲಿ ಕೂತರೆ ಗೇಟು ತೆರೆಯುವ ಮೊದಲೇ "ಪೇಪರ್‌ನವನು ಬಂದ" ಎನ್ನುವಳು. ಅದಕ್ಕೇ, ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, "ಕಣ್ಣು ಕಿವಿ ಎಲ್ಲ ಹೇಗಿದೆ?" ಎಂದು ಅವರು ಕೇಳಿದ್ದಕ್ಕೆ ಮಗ ಎದೆಯುಬ್ಬಿಸಿ ಹೇಳಿದ್ದ:

"ಹದ್ದಿನ ಕಣ್ಣು ಡಾಕ್ಟ್ರೇ. ಕನ್ನಡಕಾನೂ ಇದೆ."

ಆ ಕನ್ನಡಕ ಯಾವ ಕಾಲದ್ದು ಎಂದು ಅವನು ಯೋಚಿಸಲಿಲ್ಲ.

ಡಾಕ್ಟರು ಬೀಗ, ಕೊಡೆ, ನಿಂಬೆಹಣ್ಣು ಎಂಬ ಮೂರು ಪದ ಹೇಳಿ, ಆಮೇಲೆ ಕೇಳಿದರು. ಅಮ್ಮ ಮೂರನ್ನೂ ಒಪ್ಪಿಸಿ, "ನಿಂಬೆಹಣ್ಣು ಈಗ ಬಲು ತುಟ್ಟಿ" ಎಂದು ಸೇರಿಸಿದಳು. ಚಿತ್ರಗಳನ್ನು ತೋರಿಸಿದರು. ಅಮ್ಮ ಒಂದನ್ನೂ ಗುರುತಿಸಲಿಲ್ಲ. ಗಡಿಯಾರ ಬರೆಯಿರಿ ಎಂದು ಪೆನ್ಸಿಲ್ ಕೊಟ್ಟರು. ಗೀಟು ಕಾಗದ ದಾಟಿ, ಬಿಳಿ ಮೇಜಿನ ಮೇಲೆ ಹೋಗಿ, ಅಂಕಿಗಳೆಲ್ಲ ಮೇಜಿನ ಮೇಲೇ ಸಾಲಾಗಿ ಕೂತವು. ನಂಬರಿನ ರಾಣಿಯಾಗಿದ್ದ ಅಮ್ಮನಿಗೆ ಒಂದು ಗಡಿಯಾರ ಬರೆಯಲು ಬಾರದೆ ಹೋಯಿತಲ್ಲ!

"ಇನ್ನೂ ಪರೀಕ್ಷೆ ಮಾಡಬೇಕು," ಎಂದರು ಡಾಕ್ಟರು. "ಆದ್ರೆ ಒಬ್ಬರನ್ನೇ ಮನೇಲಿ ಬಿಡಬೇಡಿ."

ಅಲ್ಲೇ ಇದ್ದದ್ದು ತೊಡಕು. ಅವನು ಹಗಲೆಲ್ಲ ಗೋಡೆಗಳ ಮೇಲೆ, ಹೆಂಡತಿ ಬೇಕರಿಯ ಗಲ್ಲಾದಲ್ಲಿ, ಮಗಳು ಕಾಲೇಜಿನಲ್ಲಿ. ಆ ವಾರವೇ ಅಮ್ಮ ಕುರ್ಚಿ ಇದೆ ಎಂದು ಇಲ್ಲದ ಕಡೆ ಕೂತು ಬಿದ್ದಳು. ಸೊಂಟ ಕಪ್ಪುಗಟ್ಟಿತು. ಬಿಳಿ ಕುರ್ಚಿ ಬಿಳಿ ಗೋಡೆಗೆ ಆತು ಪಕ್ಕದಲ್ಲೇ ನಿಂತಿತ್ತು. ಗಂಡ ಹೆಂಡತಿ ಕೂತು ಮಾತಾಡಿದರು, ಜಗಳವಾಡಿದರು. ಕೊನೆಗೆ ಹಿರಿಯರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಜಾಗ ಗೊತ್ತು ಮಾಡಿದರು. ಸೋಮವಾರ ಕರೆತನ್ನಿ ಎಂದರು ಅಲ್ಲಿಯವರು.

ಅಮ್ಮನಿಗೆ ಹೇಳಿದಾಗ ಅವಳು ಕೂಗಾಡುತ್ತಾಳೆ ಎಂದು ಅವನು ಕಾದಿದ್ದ. ಅವಳು ಮಂಚದ ಅಂಚು ಸವರುತ್ತಾ, "ಆಯ್ತು ಬಿಡು. ಅಲ್ಲಾದ್ರೂ ಬಾಗಿಲು ಇರುತ್ತಾ?" ಎಂದು ಕೇಳಿದಳು.

ಆ ಪ್ರಶ್ನೆ ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. ಕೈಗೊಂದು ಕೆಲಸ ಬೇಕಿತ್ತು. ತುಕ್ಕು ಹಿಡಿದ ಗೇಟು ಕಾಣಿಸಿತು. ರೆಡ್ ಆಕ್ಸೈಡ್ ಡಬ್ಬ ತೆರೆದ. ಕಬ್ಬಿಣಕ್ಕೆ ಮೊದಲು ಬಳಿಯುವ ಇಟ್ಟಿಗೆ ಕೆಂಪಿನ ಬಣ್ಣ ಅದು. ಅರ್ಧ ಗೇಟು ಮುಗಿಸುವಷ್ಟರಲ್ಲಿ ಹೆಂಡತಿ ಒಳಗಿನಿಂದ ಕೂಗಿದಳು:

"ರೀ, ಅತ್ತೆ ಬ್ಯಾಗು ತಂದು ಹೊರಗಿಡ್ರಿ! ಇನ್ನೆರಡು ಸೀರೆ ಹಾಕಬೇಕು!"

ಕೈ ಒರೆಸಿಕೊಂಡೆ ಎಂದುಕೊಂಡು ಅಮ್ಮನ ಕೋಣೆಗೆ ಹೋದ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವನು ಉಸಿರು ಬಿಗಿಹಿಡಿದು, ಒಂದು ಕೈಯಲ್ಲಿ ಬ್ಯಾಗು ಎತ್ತಿ, ಇನ್ನೊಂದು ಅಂಗೈಯಿಂದ ಬಾಗಿಲು ತಳ್ಳಿಕೊಂಡು ಹೊರಗೆ ಬಂದು, ಕಾಲಿನಿಂದ ಮುಚ್ಚಿದ. ಮತ್ತೆ ಗೇಟಿಗೆ ಹೋಗಿ ಬ್ರಶ್ ಹಿಡಿದ.

ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ಒಳಗಿನಿಂದ ಹೆಂಡತಿಯ ಕಿರುಚಾಟ.

"ಅಯ್ಯೋ! ರಕ್ತ! ರೀ, ಓಡಿ ಬನ್ರಿ! ಅತ್ತೆ ಕೈಯೆಲ್ಲ ರಕ್ತ!"

ಬ್ರಶ್ ಎಲ್ಲಿ ಬಿತ್ತೋ, ಅವನು ಹೇಗೆ ಒಳಗೆ ಬಂದನೋ. ಹಾಲ್‌ನ ನಟ್ಟನಡುವೆ ಅಮ್ಮ ನಿಂತಿದ್ದಳು. ಒಬ್ಬಳೇ. ಬಲ ಅಂಗೈ ಕೆಂಪಗೆ ತೊಯ್ದಿತ್ತು. ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಎಷ್ಟೋ ದಿನದಿಂದ ಕಾಣದಿದ್ದ ಒಂದು ಗೆಲುವು ಇತ್ತು.

"ಯಾಕೆ ಹಾಗೆ ಬಾಯಿ ಬಡ್ಕೋತೀಯೇ?" ಎಂದು ಸೊಸೆಯನ್ನು ಗದರಿದಳು. "ಟೀ ಆಯ್ತಾ?"

ಅವನು ಆ ಕೈ ಹಿಡಿದು ಮೂಗಿನ ಹತ್ತಿರ ತಂದ. ಬಣ್ಣದ ವಾಸನೆ! ತನ್ನದೇ ರೆಡ್ ಆಕ್ಸೈಡ್!

"ಅಮ್ಮಾ, ಹೊರಗೆ ಹೇಗೆ ಬಂದೆ?"

"ಹೇಗೆ ಅಂದ್ರೆ? ಬಾಗಿಲಿಂದ. ಯಾರೋ ಪುಣ್ಯಾತ್ಮರು ಬಾಗಿಲು ತಂದಿಟ್ಟಿದಾರಲ್ಲ!"

ಅವನು ಕೋಣೆಗೆ ನುಗ್ಗಿದ. ಬಾಗಿಲ ಒಳಮೈ ಮೇಲೆ ತನ್ನ ಅಂಗೈಯ ಗುರುತು ಕೆಂಪಗೆ ಅಂಟಿತ್ತು. ಅದರ ಮೇಲೆ, ಸ್ವಲ್ಪ ಓರೆಯಾಗಿ, ಇನ್ನೊಂದು ಸಣ್ಣ ಕೈ. ಸುತ್ತಲೂ ಬಿಳಿ, ಬಿಳಿ, ಬರೀ ಬಿಳಿ. ಆ ಬಿಳಿ ಸಮುದ್ರದಲ್ಲಿ ಅದೊಂದೇ ಗುರುತು. ಅಮ್ಮ ಮಂಚದಿಂದ ನೇರವಾಗಿ ಎದ್ದು ಬಂದು, ಅಲ್ಲೇ ಕೈಯಿಟ್ಟು ತಳ್ಳಿದ್ದಳು.

ಅವನು ಅಲ್ಲೇ ನೆಲದ ಮೇಲೆ ಕೂತ. ಬಾಗಿಲು ಎಲ್ಲಿದೆ ಹೇಳಿ ನೋಡೋಣ, ಎಂದು ತೋಳು ಚಾಚಿ ನಿಂತಿದ್ದವನು ಯಾರು? ಗೊತ್ತಾಗಬಾರದು ಎಂದವನು ಯಾರು? ಅಮ್ಮನನ್ನು ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದವನು ಅವನೇ. ಅದೂ ಎರಡು ಕೋಟು ಹೊಡೆದು.

"ಅಪ್ಪಾ, ಏನಾಯ್ತು? ನೀನ್ಯಾಕೆ ಹೀಗೆ ಕೂತೆ?" ಮಗಳು ಓಡಿಬಂದಳು.

"ಅಜ್ಜಿಗೆ ಕಾಣಲ್ಲ ಕಣೇ," ಎಂದ. "ತಲೆ ಅಲ್ಲ. ಕಣ್ಣು."

ಮಗಳು ಒಂದು ಕ್ಷಣ ಅವನನ್ನೂ ಬಾಗಿಲನ್ನೂ ನೋಡಿದಳು. ಆಮೇಲೆ ಅಡುಗೆಮನೆಗೆ ಓಡಿದಳು. ತಾಯಿ ಬೇಕರಿಯಿಂದ ತಂದಿಟ್ಟಿದ್ದ, ಕೇಕು ಸುಡುವ ಕಪ್ಪು ತಟ್ಟೆಯನ್ನು ಎಳೆದು ತೆಗೆದು, ಅದರ ಮೇಲೆ ಒಂದು ಸೌಟು ಅನ್ನ ಹಾಕಿ, ಅಜ್ಜಿಯ ಮುಂದಿಟ್ಟಳು. ಮೂವರೂ ಸುತ್ತ ನಿಂತರು.

ಅಮ್ಮ ಬಗ್ಗಿ ನೋಡಿದಳು.

"ಅಂತೂ ಇವತ್ತು ಅನ್ನ ಹಾಕಿದ್ಳು ಮಹಾತಾಯಿ!"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ಪಾತ್ರೆಗಳ ಮೇಲೆ ಕುಕ್ಕಿದ ಸಿಟ್ಟೆಲ್ಲ ಈಗ ಕಣ್ಣಿಂದ ಇಳಿಯುತ್ತಿತ್ತು. "ಅತ್ತೇ, ನಾನು ದಿನಾ ಹಾಕ್ತಿದ್ದೆ ಅತ್ತೇ..."

"ಹಾಕ್ತಿದ್ಯಾ? ಎಲ್ಲಿಗೆ?"

ಸೋಮವಾರ ಅವರು ಹಿರಿಯರ ಮನೆಗೆ ಹೋಗಲಿಲ್ಲ. ಬ್ಯಾಗು ಹಾಲ್‌ನಲ್ಲೇ ಉಳಿಯಿತು. ಅಮ್ಮನನ್ನು ಕಣ್ಣಿನ ಡಾಕ್ಟರ ಮುಂದೆ ಕೂರಿಸಿದರು. ಆಕೆ ಅಮ್ಮನ ಗಲ್ಲವನ್ನು ಯಂತ್ರದ ಮೇಲಿಟ್ಟು, ಒಂದು ಕಣ್ಣು ನೋಡಿ, ಇನ್ನೊಂದು ನೋಡಿ, ಕುರ್ಚಿ ಹಿಂದಕ್ಕೆ ತಳ್ಳಿದರು.

"ಎರಡೂ ಕಡೆ ಪೊರೆ ಗಟ್ಟಿಯಾಗಿ ಕೂತಿದೆ. ಈ ಕನ್ನಡಕದಿಂದ ಇವರಿಗೆ ಏನೂ ಉಪಯೋಗ ಇಲ್ಲ. ಎಷ್ಟು ದಿನದಿಂದ ಕಾಣ್ತಿಲ್ಲ ಇವರಿಗೆ?"

ಮಗ ಹೆಂಡತಿಯನ್ನು ನೋಡಿದ. ಹೆಂಡತಿ ಮಗಳನ್ನು ನೋಡಿದಳು. ಒಂದೇ ಸೂರಿನಡಿ ಇದ್ದ ಮೂರು ಜೋಡಿ ಕಣ್ಣು ಅದನ್ನು ನೋಡಿಯೇ ಇರಲಿಲ್ಲ.

"ಯಾಕಮ್ಮ ಹೇಳಲಿಲ್ಲ ನೀನು?" ಎಂದು ಅವನು ಕೊನೆಗೆ ಕೇಳಿದ.

"ಏನಂತ ಹೇಳ್ಲಿ? ಎಲ್ಲ ಮಂಜು ಮಂಜು. ನೀವೆಲ್ಲ ಬಾಗಿಲ ಹಿಂದೆ ನಿಂತು ತಲೆ ಹೋಗಿದೆ, ತಲೆ ಹೋಗಿದೆ ಅಂತಿದ್ರಿ. ಕಿವಿ ಚೆನ್ನಾಗಿದೆಯಲ್ಲ ನಂಗೆ, ಕೇಳಿಸ್ತಿತ್ತು. ತಲೆ ಹೋದ್ರೆ ಲೋಕ ಹೀಗೇ ಕಾಣುತ್ತೇನೋ ಅಂದ್ಕೊಂಡೆ."

ಮಗ ಡಾಕ್ಟರ ಕಡೆ ತಿರುಗಿದ.

"ಹಾಗಾದ್ರೆ ಅಮ್ಮನ ತಲೆ ಚೆನ್ನಾಗಿದೆಯಾ ಡಾಕ್ಟ್ರೇ?"

"ಅದನ್ನ ನಾನು ಹೇಳೋಕಾಗಲ್ಲ. ಆಪರೇಶನ್ ಆದ್ಮೇಲೆ ಆ ಡಾಕ್ಟರ ಹತ್ರಾನೇ ಮತ್ತೆ ಪರೀಕ್ಷೆ ಮಾಡಿಸಿ, ಆಗ ಸರಿಯಾಗಿ ಗೊತ್ತಾಗುತ್ತೆ. ಸ್ವಲ್ಪ ಮರೆವು ಇದ್ರೂ ಇರಬಹುದು, ವಯಸ್ಸಾಗಿದೆ. ಆದ್ರೆ ಒಂದು ಮಾತು. ಕಣ್ಣು ಮಂಜಾಗಿರೋ ಹಿರಿಯರಲ್ಲಿ ಮರೆವು ಬರೋದು ಜಾಸ್ತಿ. ನೋಡೋಕೇನೂ ಇಲ್ಲ, ಓದೋದಿಲ್ಲ, ಹೊರಗೆ ಹೋಗೋದಿಲ್ಲ, ಯಾರ ಜೊತೆನೂ ಸೇರೋದಿಲ್ಲ. ಮೆದುಳಿಗೆ ಕೆಲಸಾನೇ ಇಲ್ಲದ ಹಾಗಾಗುತ್ತೆ. ಅದಕ್ಕೇ ತಡ ಮಾಡಬಾರದು."

ಅಮ್ಮ ತಲೆಯಾಡಿಸಿದಳು. "ಗೊತ್ತಾಯ್ತು. ಕಾಲ್ ಬರದೇ ಇದ್ರೆ ಆಪರೇಟರ್ ತೂಕಡಿಸ್ತಾಳೆ. ಬೋರ್ಡ್ ಸುಟ್ಟೋಯ್ತು ಅಂತ ಇವರು ನನ್ನನ್ನೇ ಮನೆಗೆ ಕಳಿಸೋಕೆ ಹೊರಟಿದ್ರು."

ಕಣ್ಣಿನ ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ಮಗನಿಗೆ ನಗು ಬರಲಿಲ್ಲ.

ಆ ಸಂಜೆ ಅಕ್ಕನ ಫೋನು. ಇವನು ನಡೆದದ್ದೆಲ್ಲ ಹೇಳಿದ. ಅಕ್ಕ ಬೈಯುತ್ತಾಳೆ ಎಂದು ಕಿವಿ ಗಟ್ಟಿ ಮಾಡಿಕೊಂಡ.

"ಅಕ್ಕಾ? ಇದೀಯಾ?"

"ಇದೀನಿ ಕಣೋ," ಎಂದಳು. ದನಿ ಒದ್ದೆಯಾಗಿತ್ತು. "ನಾನು ದಿನಾ ಮಾತಾಡ್ತಿದ್ದೆ. ಏನು ಅಡುಗೆ, ಏನು ಸುದ್ದಿ, ಎಲ್ಲ ಕೇಳ್ದೆ. ಕಣ್ಣು ಕಾಣುತ್ತಾ ಅಂತ ಒಂದು ದಿನಾನೂ ಕೇಳ್ಲಿಲ್ಲ ನೋಡು."

ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಎರಡನೆಯ ಕಣ್ಣಿನ ಪಟ್ಟಿಯೂ ಬಿಚ್ಚಿ ಮನೆಗೆ ಬಂದ ದಿನ ಅಮ್ಮ ಹಾಲ್‌ನಲ್ಲಿ ನಿಂತು, ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮೊದಲು ಮಗನನ್ನು ನೋಡಿದಳು.

"ಅಯ್ಯೋ ದೇವರೇ! ನೀನು ಯಾವಾಗ ಕಣೋ ಇಷ್ಟು ಮುದುಕ ಆದೆ?"

"ಅಜ್ಜಿ ಫುಲ್ ಫಾರ್ಮಲ್ಲಿದಾಳೆ!" ಮಗಳು ಚಪ್ಪಾಳೆ ತಟ್ಟಿದಳು.

ಮಾತ್ರೆ ತಗೊಂಡೆನಾ ಎಂದು ಅಮ್ಮ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಳು ನಿಜ. ಅದು ಉಳಿದಿತ್ತು. ಹೆಂಡತಿ ಎರಡು ಸಲವೂ ಸಮಾಧಾನವಾಗಿ ಉತ್ತರ ಕೊಟ್ಟಿದ್ದಳು. ಬಿಳಿ ತಟ್ಟೆಗಳು ಅಟ್ಟ ಸೇರಿದ್ದವು, ಕುರ್ಚಿಗಳ ಮೇಲೆ ನೀಲಿ ಬಟ್ಟೆ ಬಂದಿತ್ತು, ಅಮ್ಮನ ಮಂಚ ತನ್ನ ಹಳೇ ಗೋಡೆಗೆ ಮರಳಿತ್ತು. ಬಾಗಿಲುಗಳಿಗೆ ಬಳಿಯಲು ಅವನು ಕಂದು ಬಣ್ಣದ ಡಬ್ಬ ತಂದಿಟ್ಟಿದ್ದ.

ಅಮ್ಮ ತನ್ನ ಕೋಣೆಗೆ ಹೋದಳು. ಬಾಗಿಲ ಮೇಲಿನ ಎರಡು ಕೆಂಪು ಕೈಗಳನ್ನು ನೋಡಿದಳು.

"ಥೂ, ಇದೇನು ಅಸಹ್ಯ. ಇದನ್ನ ಮೊದಲು ಮುಚ್ಚು." ಆಮೇಲೆ ಗೋಡೆಯುದ್ದಕ್ಕೂ ಕಣ್ಣು ಹಾಯಿಸುತ್ತಾ, ಕಿಟಕಿಯ ಪಕ್ಕ ನಿಂತಳು. "ಮತ್ತೆ ಇಲ್ಲಿ ಯಾಕೋ ಹೀಗೆ ಬಿಟ್ಟಿದೀಯ? ಇಷ್ಟಗಲ ಬಣ್ಣಾನೇ ಬಿದ್ದಿಲ್ಲ."

"ಎಲ್ಲಿ?"

"ಇಲ್ಲಿ ಕಣೋ. ಪುಟ್ಟಿ ಕಾಣ್ತಿದೆ."

ಅವನು ಹತ್ತಿರ ಹೋದ. ನೋಡಿದ. ಬಿಳಿ ಗೋಡೆ, ಅಷ್ಟೆ. ಹಾಲು ಚೆಲ್ಲಿದ ಹಾಗೆ ಒಂದೇ ಸಮ.

"ಏನೂ ಇಲ್ಲ ಬಿಡಮ್ಮ. ಹೊಸ ಕಣ್ಣಲ್ವಾ, ನಿಂಗೆ ಹಾಗನ್ಸುತ್ತೆ," ಎಂದು ನಕ್ಕ.

ಮಗಳು ನಗಲಿಲ್ಲ. ಅವಳು ಬಂದು ಗೋಡೆಯ ಮೇಲೆ ಬೆರಳಿಟ್ಟು, ಒಂದು ಊಟದ ತಟ್ಟೆಯಷ್ಟು ಜಾಗಕ್ಕೆ ನಿಧಾನವಾಗಿ ಗೆರೆ ಸುತ್ತಿದಳು.

"ಅಪ್ಪಾ, ಇಷ್ಟು ದೊಡ್ಡದಾಗಿದೆಯಲ್ಲ! ನಿಂಗೆ ಕಾಣ್ತಿಲ್ವಾ?"

ಅವನು ಕಣ್ಣು ಕಿರಿದು ಮಾಡಿದ. ಕಣ್ಣುಜ್ಜಿಕೊಂಡ. ಕಿಟಕಿಯನ್ನು ಪೂರ್ತಿ ತೆರೆದು ಮತ್ತೆ ನೋಡಿದ. ಹೋಟೆಲಿನ ಮೇಸ್ತ್ರಿಯ ಬೆರಳು ನೆನಪಾಯಿತು. ಲೈಟ್ ಹಾಕ್ಸಿ ಎಂದು ತಾನು ಕೂಗಾಡಿದ್ದು ನೆನಪಾಯಿತು. ಈಗ ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಚೆಲ್ಲಿ ಬಿದ್ದಿತ್ತು, ಬೆಳಕಿಗೇನೂ ಬರವಿರಲಿಲ್ಲ.

"ಇಲ್ಲ," ಎಂದ. ತನ್ನ ದನಿಯೇ ತನಗೆ ಬೇರೆ ಯಾರದೋ ಎನ್ನಿಸಿತು. "ಕಾಣ್ತಿಲ್ಲ ಕಣೇ."

ಅಮ್ಮ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಆ ಡಾಕ್ಟರಮ್ಮನ ನಂಬರು ನಂಗೆ ಬಾಯಿಪಾಠ ಇದೆ. ಫೋನ್ ತಗೊಂಡು ಬಾ."